ಟ್ರಸ್ಟ್ ಮಾಡಿದರೆ ಪತ್ರಿಕೆ ಉಳಿಯುತ್ತಾ?

ಜಮಖಂಡಿಯ ನಿಮ್ಮ ವಾರಪತ್ರಿಕೆ ನಷ್ಟದಲ್ಲಿದೆ, ಟ್ರಸ್ಟ್ ಮಾಡಿದರೆ ದೇಣಿಗೆ ಬರುತ್ತಾ ಅಂತ ಕೇಳಿದ್ದೀರಿ. ಟ್ರಸ್ಟ್ ಮಾಡಬಹುದು. ಚಂಡೀಗಢದ ‘ದಿ ಟ್ರಿಬ್ಯೂನ್’ ನಡೆಯುವುದೇ ಹಾಗೆ. ಅಮೆರಿಕದ ‘ಸಾಲ್ಟ್ ಲೇಕ್ ಟ್ರಿಬ್ಯೂನ್’ 2019ರಲ್ಲಿ ಲಾಭರಹಿತ ಸಂಸ್ಥೆಯಾಯಿತು. ಅಲ್ಲಿ ದಾನಿಗಳಿಗೆ ತೆರಿಗೆ ವಿನಾಯಿತಿಯೂ ಇದೆ.

ನಮ್ಮಲ್ಲಿ ಅಷ್ಟು ಸಲೀಸಲ್ಲ. ಸಾರ್ವಜನಿಕ ಉಪಯೋಗದ ಟ್ರಸ್ಟ್‌ ಅಂತ ತೆರಿಗೆ ವಿನಾಯಿತಿ ಬೇಕಾದರೆ, ಜಾಹೀರಾತಿನಂಥ ವ್ಯಾಪಾರದ ಆದಾಯ ಒಟ್ಟು ಆದಾಯದ ಶೇ 20 ದಾಟುವಂತಿಲ್ಲ. ಪತ್ರಿಕೆಗೆ ಇದೇ ದೊಡ್ಡ ತಲೆನೋವು. ವಿದೇಶಿ ದೇಣಿಗೆಯ ಆಸೆಯಂತೂ ಬಿಡಿ, ನೋಂದಾಯಿತ ಪತ್ರಿಕೆಗಳಿಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಅದನ್ನು ನಿಷೇಧಿಸಿದೆ.

ಇನ್ನೊಂದು, ಟ್ರಸ್ಟಿಗಳು ಯಾರು? ಕಬ್ಬಿನ ಬಾಕಿ ಬಗ್ಗೆ ಬರೆಯುವ ಪತ್ರಿಕೆಯಲ್ಲಿ ಸಕ್ಕರೆ ಕಾರ್ಖಾನೆಯವರೇ ಕೂತರೆ ಮುಗೀತು ಅಲ್ವಾ! ಟ್ರಸ್ಟ್ ಪತ್ರ (ಡೀಡ್) ಬರೆಸುವ ಮೊದಲು ಜಾಹೀರಾತಿನ ಲೆಕ್ಕ ಹಿಡಿದು ಒಬ್ಬ ಸಿಎ ಹತ್ತಿರ ಹೋಗಿ.