ಕಾಲ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆಯಿರಿ

ನಮಸ್ಕಾರ. ಕಡಲತಡಿಯ ಪಾಳುಬಿದ್ದ ಪುಟ್ಟ ಊರಿನ ಬಗ್ಗೆ ನೀವು ಕಳಿಸಿದ ಬರಹ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ.

ಮೊದಲ ಸಾಲಿನಲ್ಲೇ ‘ಸಾವಿರಾರು ವರ್ಷ ಹಳೆಯ ಊರು’ ಅಂದಿದ್ದೀರಿ. ಮುಂದಿನ ಪುಟದಲ್ಲಿ ಅದೇ ಊರಿಗೆ ‘ಮುನ್ನೂರು ವರ್ಷ’. ಎರಡಕ್ಕೂ ಆಧಾರ ಕೊಟ್ಟಿಲ್ಲ. ಕಲ್ಲು ಸವೆದಿದೆ ಅಂದಮಾತ್ರಕ್ಕೆ ಗೋಡೆ ಹಳೆಯದಾಗುವುದಿಲ್ಲ. ಉಪ್ಪುಗಾಳಿಗೆ ಕೆಲವು ಕಲ್ಲು ಬೇಗ ಉದುರುತ್ತವೆ. ಹಳೇ ಗೋಡೆ ಕಿತ್ತು ಆ ಕಲ್ಲಲ್ಲೇ ಹೊಸದು ಕಟ್ಟುವುದೂ ಉಂಟು. ಕಪ್ಪೆಚಿಪ್ಪನ್ನು ಕಾರ್ಬನ್ ಪರೀಕ್ಷೆಗೆ, ಅಂದರೆ ಅದರಲ್ಲಿ ಉಳಿದ ವಿಕಿರಣ ಕಾರ್ಬನ್ ಅಳೆದು ವಯಸ್ಸು ಲೆಕ್ಕಹಾಕುವ ಪರೀಕ್ಷೆಗೆ, ಕಳಿಸಿದರೆ ತಿಳಿಯುತ್ತದೆ ಅಂತಲೂ ಬರೆದಿದ್ದೀರಿ. ಸಮುದ್ರದ ನೀರಿನಲ್ಲಿ ಹಳೇ ಕಾರ್ಬನ್ ಸೇರಿರುತ್ತದೆ. ಹಾಗಾಗಿ ಚಿಪ್ಪು ಸಾಮಾನ್ಯವಾಗಿ ನಿಜಕ್ಕಿಂತ ಸುಮಾರು 400 ವರ್ಷ ಜಾಸ್ತಿ ಹಳೆಯದಾಗಿ ತೋರುತ್ತದೆ. ಆ ಲೆಕ್ಕ ಸರಿಪಡಿಸದೆ ವರ್ಷ ಹೇಳುವಂತಿಲ್ಲ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಲಾನ್ಸ್ ಓ ಮೆಡೋಸ್ ನೋಡಿ. ಹುಲ್ಲು ಬೆಳೆದ ದಿಬ್ಬಗಳು, ಅಷ್ಟೇ. 1960ರಲ್ಲಿ ನಾರ್ವೆಯ ಅನ್ವೇಷಕ ಹೆಲ್ಗೆ ಇಂಗ್‌ಸ್ಟಾಡ್ ಅಲ್ಲಿಗೆ ಹೋದರು. ಅವರ ಪತ್ನಿ ಆನ್ ಸ್ಟೀನೆ ಅಗೆಸಿದಾಗ ಕಬ್ಬಿಣದ ಮೊಳೆ, ಕಂಚಿನ ಪಿನ್ನು, ನೂಲುವ ಕದಿರಿನ ಕಲ್ಲುಬಿಲ್ಲೆ ಸಿಕ್ಕವು. ಅಲ್ಲಿದ್ದವರು ಉತ್ತರ ಯುರೋಪಿನಿಂದ ಕಡಲು ದಾಟಿ ಬಂದ ವೈಕಿಂಗರು ಅಂತ ಗೊತ್ತಾಯಿತು. ಆದರೂ ಖಚಿತ ವರ್ಷ ಸಿಕ್ಕಿದ್ದು 2021ರಲ್ಲಿ. ಲೋಹದ ಹತಾರದಿಂದ ಕಡಿದ ಮರದ ತುಂಡಿನ ಒಂದು ಉಂಗುರದಲ್ಲಿ, 993ನೇ ಇಸವಿಯಲ್ಲಿ ಬಾಹ್ಯಾಕಾಶದಿಂದ ಬಂದ ವಿಕಿರಣದ ಗುರುತಿತ್ತು. ಮರ ವರ್ಷಕ್ಕೊಂದು ಉಂಗುರ ಬೆಳೆಸುತ್ತದೆ; ಅಲ್ಲಿಂದ ತೊಗಟೆಯವರೆಗೆ ಎಣಿಸಿದರೆ 28. ಅಂದರೆ ಮರ ಕಡಿದದ್ದು 1021ರಲ್ಲಿ. ಒಂದು ವರ್ಷ ಹೇಳುವುದಕ್ಕೆ ಅಷ್ಟು ಕಾದಿದ್ದಾರೆ. ನೀವು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ, ಅಲ್ವಾ?

ನನಗೆ ತುಂಬಾ ಹಿಡಿಸಿದ್ದು ಮೂರನೇ ಪುಟ. ಒಂದು ಮನೆಗೂ ಕಡಲ ಕಡೆ ಬಾಗಿಲಿಲ್ಲ. ಆ ಕಡೆಯ ಗೋಡೆ ಉಳಿದವಕ್ಕಿಂತ ಎರಡು ಪಟ್ಟು ದಪ್ಪ. ಒಲೆಯ ಪಕ್ಕದ ಕಲ್ಲಿನಲ್ಲಿ ಏನೋ ಮಸೆದು ಮಸೆದು ಆದ ತಗ್ಗು, ನಿಮ್ಮ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂತಿತು ಅಂದಿದ್ದೀರಿ. ಎಂಥ ಸಾಲು! ಅಲ್ಲಿ ಬದುಕಿದ್ದವರು ನನಗೆ ಕಂಡಿದ್ದು ಅಲ್ಲೇ. ಅದಕ್ಕೆ ನಾಲ್ಕೇ ಸಾಲು ಕೊಟ್ಟು, ‘ಮೌನವಾಗಿ ಕಥೆ ಹೇಳುವ ಕಲ್ಲುಗಳು’ ಅಂತ ಪುಟಗಟ್ಟಲೆ ಬರೆದಿದ್ದೀರಿ. ಅದೆಲ್ಲ ತೆಗೆಯಿರಿ. ಶಾಪದ ಕಥೆ ಯಾರು ಹೇಳಿದರು ಅಂತ ಬರೆಯದಿದ್ದರೆ ಅದೂ ಬೇಡ.

ಮೂರನೇ ಪುಟದಿಂದಲೇ ಶುರು ಮಾಡಿ. ಕುಡಿಯುವ ನೀರು ಎಲ್ಲಿಂದ ತರುತ್ತಿದ್ದರು? ದೋಣಿ ಎಲ್ಲಿ ಎಳೆದು ನಿಲ್ಲಿಸುತ್ತಿದ್ದರು? ಇನ್ನೊಮ್ಮೆ ಹೋದಾಗ ಹುಡುಕಿ. ಬಾವಿ ಸಿಕ್ಕರೆ ಅದರ ನೀರು ಈಗ ಸಿಹಿಯೋ ಉಪ್ಪೋ ಅಂತಲೂ ಬರೆಯಿರಿ. ತಿದ್ದಿದ ಪ್ರತಿಗೆ ಕಾಯುತ್ತೇನೆ.