ಶ್ನಾಬೆಲ್ ಅವರ ಕಾಗದಪತ್ರಗಳಲ್ಲಿ ಗುಟ್ಟು ಹುಡುಕುವವರಿಗೆ

ಪ್ರಶ್ನೆ: ಪಿಯಾನೊ ವಾದಕ ಆರ್ಟುರ್ ಶ್ನಾಬೆಲ್ ಸಂಪಾದಿಸಿದ ಬೆಥೋವನ್ ಸೊನಾಟಾಗಳ (ಹಲವು ಭಾಗಗಳ ಪಿಯಾನೊ ಕೃತಿಗಳ) ಪುಸ್ತಕದಲ್ಲಿ ಒಂದು ವೇಗವಿದೆ, ಅವರದೇ ಧ್ವನಿಮುದ್ರಣದಲ್ಲಿ ಇನ್ನೊಂದಿದೆ. ಬರ್ಲಿನ್ನಿನಲ್ಲಿರುವ ಅವರ ಖಾಸಗಿ ಕಾಗದಪತ್ರಗಳನ್ನು ನೋಡಿದರೆ ಯಾವುದು ಸರಿಯೆಂದು ತಿಳಿಯುವುದೇ?

ಉತ್ತರ: ತಿಳಿಯುವುದಿಲ್ಲ. ದೊಡ್ಡ ಕಲಾವಿದರು ಸರಿಯುತ್ತರವನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಹೋಗಿರುತ್ತಾರೆಂಬ ನಂಬಿಕೆಯಿಂದಲೇ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಮೊದಲು ಆ ನಂಬಿಕೆಯನ್ನು ಬಿಡಿ. ಪುಸ್ತಕ 1920ರ ದಶಕದ್ದು, ಬರ್ಲಿನ್ನಿನಲ್ಲಿ ಪಾಠ ಹೇಳುತ್ತಿದ್ದ ಗುರುವಿನ ಕೆಲಸ. ಅದರಲ್ಲಿ ಸ್ವರಗಳ ಮೇಲಿರುವ ರೋಮನ್ ಅಂಕಿಗಳು ಎಷ್ಟು ತಾಳಖಂಡಗಳು (ಬಾರ್‌ಗಳು) ಸೇರಿ ಸಂಗೀತದ ಒಂದು ವಾಕ್ಯವಾಗುತ್ತದೆಂಬುದನ್ನು ತೋರಿಸುತ್ತವೆ. ಯಾವ ಸ್ವರಕ್ಕೆ ಯಾವ ಬೆರಳೆಂದು ಹೇಳುವ ಅಂಕಿಗಳು ಬಹಳ ಕಡೆ ಕೈಗೆ ತೊಡಕೆನಿಸುವುದು ನಿಜ, ಏಕೆಂದರೆ ಅವು ಕೈಯ ಸಲೀಸಿಗಿಂತ ಹೆಚ್ಚಾಗಿ ಆ ವಾಕ್ಯದ ಉಸಿರನ್ನು ಕಾಯುತ್ತವೆ. ಇದನ್ನು ಓದದೆ ವೇಗದ ಅಂಕಿಯನ್ನಷ್ಟೇ ನಕಲು ಮಾಡುವವರು ಆ ಪುಸ್ತಕ ಕೊಳ್ಳುವುದೇ ಬೇಡ.

ಧ್ವನಿಮುದ್ರಣ ನಡೆದದ್ದು 1932ರಿಂದ 1935ರವರೆಗೆ, ಲಂಡನ್ನಿನಲ್ಲಿ. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ನಾಲ್ಕು ನಿಮಿಷ ಮಾತ್ರ. ಕತ್ತರಿಸಿ ಜೋಡಿಸುವ ಅನುಕೂಲವಿರಲಿಲ್ಲವಾದ್ದರಿಂದ ಒಂದು ಸ್ವರ ಜಾರಿದರೆ ಇಡೀ ಮಗ್ಗುಲನ್ನು ಮತ್ತೆ ನುಡಿಸಬೇಕಿತ್ತು. ಕೃತಿಸಂಖ್ಯೆ 106ರ ಸೊನಾಟಾದ ಮೊದಲ ಭಾಗಕ್ಕೆ ಬೆಥೋವನ್ ತಾನೇ ನಿಮಿಷಕ್ಕೆ 138 ಅರ್ಧಸ್ವರಗಳ (ಹಾಫ್ ನೋಟ್‌ಗಳ) ವೇಗವನ್ನು ಸೂಚಿಸಿದ್ದಾನೆ. ಅದನ್ನು ನಂಬಿ ಹಿಡಿಯಹೊರಟ ಶ್ನಾಬೆಲ್ ಅಲ್ಲಲ್ಲಿ ಎಡವುತ್ತಾರೆ. ಅದನ್ನು ಅಭ್ಯಾಸದ ಕೊರತೆಯೆನ್ನುವವರು ಆ ವೇಗದಲ್ಲಿ ಒಂದು ಪುಟ ನುಡಿಸಿ ನೋಡಲಿ.

ಇನ್ನು ಕಾಗದಪತ್ರಗಳ ವಿಷಯ. ಬರ್ಲಿನ್ನಿನ ಕಲಾ ಅಕಾಡೆಮಿಯಲ್ಲಿರುವ ಆ ಸಂಗ್ರಹವನ್ನು ಒಬ್ಬ ಮನುಷ್ಯನ ಬದುಕನ್ನು ತಿಳಿಯಲು ತೆರೆಯಬೇಕು. ಗಾಯಕಿಯಾಗಿದ್ದ ಪತ್ನಿ ಥೆರೇಸ್ ಬೇರ್ ಅವರೊಂದಿಗೆ 1900ರಿಂದ 1951ರವರೆಗೆ ನಡೆದ ಪತ್ರವ್ಯವಹಾರ ಉಳಿದುಬಂದಿದೆ. 1933ರಲ್ಲಿ ಜರ್ಮನಿ ಬಿಟ್ಟ ಈ ಯಹೂದಿ ಕಲಾವಿದರು 1940ರಿಂದ 1945ರವರೆಗೆ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಅದೇ ಅವಧಿಯಲ್ಲಿ, 1942ರಲ್ಲಿ, ವಿಯೆನ್ನಾದಲ್ಲೇ ಉಳಿದಿದ್ದ ಅವರ ತಾಯಿಯನ್ನು ನಾಜಿಗಳು ಥೆರೇಸಿಯನ್‌ಸ್ಟಾಟ್ ಬಂದೀಶಿಬಿರಕ್ಕೆ ಸಾಗಿಸಿದರು; ಆಕೆ ಅಲ್ಲಿಯೇ ತೀರಿಕೊಂಡರು. ಯುದ್ಧ ಮುಗಿದ ಮೇಲೂ ಶ್ನಾಬೆಲ್ ಜರ್ಮನಿಗಾಗಲಿ ಆಸ್ಟ್ರಿಯಾಕ್ಕಾಗಲಿ ಮರಳಿ ಹೋಗಲಿಲ್ಲ. ಇಂಥ ಬದುಕಿನ ಪತ್ರಗಳಲ್ಲಿ ವೇಗದ ಅಂಕಿಯೊಂದನ್ನೇ ಹುಡುಕುವುದು ನನಗೆ ಸಹಿಸದು.

ಪುಸ್ತಕ, ಧ್ವನಿಮುದ್ರಣ, ಪತ್ರ, ಪ್ರತಿಯೊಂದರ ಮೇಲೂ ಇಸವಿ ಬರೆದುಕೊಂಡು, ಬೇರೆ ಬೇರೆ ಕಾಲದ ಸಾಕ್ಷ್ಯಗಳೆಂದು ಓದಿಕೊಳ್ಳಿ. ವೇಗವನ್ನು ನಿಮ್ಮ ಕಿವಿಯೇ ನಿರ್ಧರಿಸಬೇಕು.

ಪ್ರಶ್ನೆ: ಆನ್‌ಲೈನ್‌ನಲ್ಲಿ ‘ಶ್ನಾಬೆಲ್ ವಿಧಾನ’ ಕಲಿಸುತ್ತಾರಂತೆ, ಸೇರಬಹುದೇ?

ಉತ್ತರ: ಬೇಡ. ಅಂಥ ಹೆಸರಿನ ಬೆರಳ ಕಸರತ್ತಿನ ಪುಸ್ತಕವನ್ನು ಶ್ನಾಬೆಲ್ ಬರೆದೇ ಇಲ್ಲ; ಆ ಹೆಸರಿನಲ್ಲಿ ಹಣ ಕೀಳುವವರು ಮೋಸಗಾರರು.

ಪ್ರಶ್ನೆ: ‘ನೀನು ಪಿಯಾನಿಸ್ಟ್ ಆಗಲಾರೆ, ನೀನು ಸಂಗೀತಗಾರ’ ಎಂದು ಶ್ನಾಬೆಲ್ ಅವರಿಗೆ ಗುರು ಲೆಶೆಟಿಟ್ಸ್ಕಿ ಹೇಳಿದ್ದರಂತೆ. ಹಾಗಿದ್ದರೆ ಬೆರಳ ಸಾಧನೆ ಅಷ್ಟು ಮುಖ್ಯವಲ್ಲವೇ?

ಉತ್ತರ: ಈ ಮಾತನ್ನು ಸೋಮಾರಿತನಕ್ಕೆ ನೆಪವಾಗಿ ಬಳಸಬೇಡಿ. ಹೀಗೆಂದ ಗುರುವೇ ಆ ಹುಡುಗನಿಗೆ ವರ್ಷಗಟ್ಟಲೆ ಪಾಠ ಹೇಳಿ, ಆಗ ಹೆಚ್ಚು ಜನ ನುಡಿಸದಿದ್ದ ಶೂಬರ್ಟ್ ಸೊನಾಟಾಗಳತ್ತ ತಿರುಗಿಸಿದರು.