ಎಕ್ಸ್‌ರೇ ನೋಡಿದ ಕಂಪ್ಯೂಟರ್ ಅಪ್ಪನ ಆಯಸ್ಸು ಹೇಳುತ್ತಾ?

ಪ್ರಶ್ನೆ: ಡಾಕ್ಟರ್ ಮೇಡಂ, ನಮ್ಮ ಅಪ್ಪನಿಗೆ 59 ವರ್ಷ. 26 ವರ್ಷ ಗ್ರಾನೈಟ್ ಕಟಿಂಗ್ ಕೆಲಸ ಮಾಡಿದವರು. ಎರಡು ತಿಂಗಳಿಂದ ಕೆಮ್ಮು. ಒಂದು ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆದು ಕಂಪ್ಯೂಟರ್ ರಿಪೋರ್ಟ್ ಕೊಟ್ಟರು. ‘ಸಾವಿನ ಅಪಾಯ ಹೆಚ್ಚು’ ಅಂತ ಇದೆ. ಯಾರೂ ಬಿಡಿಸಿ ಹೇಳಲಿಲ್ಲ. ಅವತ್ತಿನಿಂದ ಅಪ್ಪ ಅರ್ಧ ರೊಟ್ಟಿಗೇ ಏಳುತ್ತಾರೆ. ‘ಸುಮ್ನ ರೊಕ್ಕ ಹಾಳ ಮಾಡಬ್ಯಾಡ್ರಿ’ ಅಂತಾರೆ. ಫಿಲ್ಮಿನ ಫೋಟೋ ಕಳಿಸಿದ್ದೇನೆ.
— ಒಬ್ಬ ಮಗಳು, ಇಳಕಲ್ಲ

ಉತ್ತರ: ತಂಗಿ, ಮೊದಲು ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಇದನ್ನು ಓದಿ ಹೇಳಿ.

ಸಾವಿರಾರು ಜನರ ಹಳೆಯ ಎಕ್ಸ್‌ರೇ, ಮುಂದೆ ಅವರಿಗೆ ಏನಾಯಿತು ಎಂಬ ದಾಖಲೆ, ಎರಡನ್ನೂ ಕೊಟ್ಟು ಇಂಥ ಕಂಪ್ಯೂಟರಿಗೆ ಕಲಿಸುತ್ತಾರೆ. 2019ರಲ್ಲಿ ಅಮೆರಿಕದ ವೈದ್ಯರು ಹೀಗೆ ಕಲಿಸಿದ್ದನ್ನು ಪ್ರಕಟಿಸಿದರು. ಕಲಿಸಿದ್ದು ಅಲ್ಲಿನ 55ರಿಂದ 74 ವರ್ಷದವರ ಫಿಲ್ಮುಗಳಿಂದ. ಅದು ‘ಅತಿ ಹೆಚ್ಚು ಅಪಾಯ’ ಎಂದ ಗುಂಪಿನಲ್ಲೂ 12 ವರ್ಷದ ನಂತರ ಹತ್ತಿರ ಹತ್ತಿರ ಅರ್ಧ ಜನ ಬದುಕಿದ್ದರು! ಅಪ್ಪನ ರಿಪೋರ್ಟ್ ಕೊಟ್ಟ ಪ್ರೋಗ್ರಾಂ ಬೇರೆಯದೇ ಇರಬಹುದು, ಆದರೆ ಇಂಥವು ಹೇಳುವುದು ಗುಂಪಿನ ಲೆಕ್ಕ. ಒಬ್ಬರ ಹಣೆಬರಹ ಅಲ್ಲ.

ಇನ್ನು ನಿಮ್ಮ ಫೋಟೋ. ಮೂಲೆಯಲ್ಲಿ ‘ಎ.ಪಿ.’ ಅಂತ ಇದೆ, ನೋಡಿದಿರಾ? ಅಂದರೆ ಕಿರಣ ಎದೆಯ ಕಡೆಯಿಂದ ಬೆನ್ನಿಗೆ ಹೋಗಿದೆ. ಮಂಚದ ಮೇಲೇ ತೆಗೆದಿದ್ದಾರೆ ಅಲ್ವಾ? ಹೀಗೆ ತೆಗೆದರೆ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಪ್ಪ ಉಸಿರನ್ನೂ ಪೂರ್ತಿ ಎಳೆದುಕೊಂಡಿಲ್ಲ. ಮಲಗಿಸಿ ತೆಗೆಯುವುದು ಸಾಮಾನ್ಯವಾಗಿ ಜಾಸ್ತಿ ಕಾಯಿಲೆ ಇದ್ದವರಿಗೆ. ಹಾಗಾಗಿ ಮಲಗಿದ ಫಿಲ್ಮ್ ಅಂದರೇನೇ ಅಪಾಯ ಅಂತ ಕಂಪ್ಯೂಟರ್ ತಪ್ಪು ಪಾಠ ಕಲಿತುಬಿಡಬಹುದು.

ಕೆಮ್ಮು ಅಂತ ಬಂದವರಿಗೆ ನಾನು ಮೊದಲು ಕೇಳುವುದು, ‘ಏನು ಕೆಲಸ ಮಾಡ್ತೀರಿ?’ ಆ ಕಂಪ್ಯೂಟರಿಗೆ ಅದನ್ನು ಕೇಳಲು ಬರುವುದಿಲ್ಲ. 26 ವರ್ಷದ ಕಲ್ಲಿನ ಧೂಳು ಅಂದರೆ ನನಗೆ ಸಿಲಿಕೋಸಿಸ್ ಭಯ, ಧೂಳು ಕೂತು ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಅದು. ಅದಿದ್ದವರಿಗೆ ಟಿಬಿ ಬೇಗ ಅಂಟುತ್ತದೆ. ಸಿಲಿಕೋಸಿಸ್ ಹೋಗುವಂಥದ್ದಲ್ಲ, ನಿಜ. ಆದರೆ ಟಿಬಿ ಇದ್ದರೆ ಔಷಧಿಯಿಂದ ವಾಸಿಯಾಗುತ್ತದೆ. ಈಗ ಕೈಬಿಟ್ಟು ಕೂತರೆ ಆ ಅವಕಾಶ ಹೋಗುತ್ತದೆ. ಕಂಪ್ಯೂಟರ್ ಬೇಡವೇ ಬೇಡ ಅನ್ನುವವಳಲ್ಲ ನಾನು. 15 ದಾಟಿದವರಲ್ಲಿ ಟಿಬಿ ಹುಡುಕಲು ಅದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2021ರಲ್ಲಿ ಹೇಳಿದೆ.

ಅಪ್ಪನನ್ನು ನಿಲ್ಲಿಸಿ, ಉಸಿರು ಹಿಡಿಸಿ ಇನ್ನೊಂದು ಎಕ್ಸ್‌ರೇ ತೆಗೆಸಿ, ಎದೆರೋಗದ ಡಾಕ್ಟರಿಗೆ ತೋರಿಸಿ. ಕಲ್ಲಿನ ಕೆಲಸದ ವಿಷಯ ನೀವಾಗಿಯೇ ಹೇಳಿ. ಟಿಬಿ ಇದೆಯಾ ಎಂದು ನೋಡುವ ಕಫದ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ. ಡಬ್ಬಿ ಹಿಂದಿನ ದಿನವೇ ತಂದಿಡಿ. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ಬಂದ ಕಫ ಬೇಕು, ಬರೀ ಎಂಜಲು ಆಗುವುದಿಲ್ಲ.